ಗಡಿಗೆಯ ತಳದ ಹಕ್ಕಳೆ

ಮಾರ್ಗಶಿರದ ಅಮಾವಾಸ್ಯೆಯ ದಿನ ಮಹಾರಾಷ್ಟ್ರದ ಉಮರಗಾ, ನಿಲಂಗಾ, ಉದಗೀರ ಸೀಮೆಯ ಊರುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಬೀದಿಗಳೆಲ್ಲ ಬರಿದಾಗಿರುತ್ತವೆ. ಊರಿಗೆ ಊರೇ ಆಗ ಹೊಲದಲ್ಲಿರುತ್ತದೆ. ಹಿಂಗಾರಿ ಜೋಳ ನಿಂತ ಎರೆಭೂಮಿಯ ನಡುವೆ ಕಣಿಕೆಯ ಗೂಡು ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಆಮೇಲೆ ಬಂಧುಗಳೆನ್ನದೆ ದಾರಿಹೋಕರೆನ್ನದೆ ಬಂದವರಿಗೆಲ್ಲ ಹೊಟ್ಟೆತುಂಬ ಉಣಬಡಿಸುವ ಈ ಹಬ್ಬವನ್ನು ಮರಾಠಿಯ ಮನೆಗಳವರು ಯೆಳವಸವೆಂದೂ ಕನ್ನಡದ ಮನೆಗಳವರು ಎಳ್ಳಮಾಸಿಯೆಂದೂ ಕರೆಯುತ್ತಾರೆ. ರೊಟ್ಟಿಯುಂಟು, ಕಾಳುಪಲ್ಯಗಳ ಭಜ್ಜಿಯುಂಟು. ಆದರೆ ಹಬ್ಬದ ಪ್ರಾಣವಿರುವುದು ಅಂಬಲಿಯಲ್ಲಿ. ಜೋಳದ ಹಿಟ್ಟಿನ ಗಂಜಿಗೆ ಮಜ್ಜಿಗೆ ಬೆರಸಿ, ಮಣ್ಣಿನ ಬಿಂದಿಗೆಯಲ್ಲಿಟ್ಟು ಹುಳಿ ಬರಿಸಿ, ಮನೆಯ ಯಜಮಾನನು ಕಂಬಳಿ ಹೊದ್ದು ತಲೆಯ ಮೇಲೆ ಹೊತ್ತು ತರುವ ಆ ಬಿಂದಿಗೆಯ ಬಾಯಿ ತೆರೆಯುವವರೆಗೆ ಊಟಕ್ಕೆ ಊಟದ ಕಳೆ ಬರುವುದಿಲ್ಲ.

ಹಬ್ಬದ ಮರುದಿನ ಅದೇ ಬಿಂದಿಗೆ ಮುಸುರೆಯೊಡನೆ ಹಿತ್ತಿಲಿಗೆ ಬರುತ್ತದೆ. ಒಳಗೆ ಕಣ್ಣಿಟ್ಟು ನೋಡಿದರೆ ಕಂಠದ ಕೆಳಗೆ ಒಣಗಿ ಬೆಳ್ಳಗಾದ ಒಂದು ವಲಯ, ಅದರ ಕೆಳಗೆ ಬೆರಳಿಟ್ಟರೆ ಜಾರುವ ಲೋಳೆ, ತಳದಲ್ಲಿ ಬೂದುಬಣ್ಣದ ಗಸಿ, ಆ ಗಸಿಯನ್ನು ತೆಗೆದರೆ ಉಗುರಿಗೂ ಜಗ್ಗದ ಒಂದು ಹಕ್ಕಳೆ. ಅಂಬಲಿಯ ಗಡಿಗೆ, ಹೆಪ್ಪು ಹಾಕುವ ಮಗೆ, ಸಿಂದಿಯ ಮಡಕೆ, ಪರದೇಶಗಳಲ್ಲಿ ಮನೆಯಲ್ಲಿಯೇ ಬಿಯರು ಮಾಡಿಕೊಳ್ಳುವವರ ಗಾಜಿನ ಬುದ್ದಲಿ, ಇವೆಲ್ಲವುಗಳ ತಳದಲ್ಲಿಯೂ ಹೀಗೆ ಒಂದು ಶೇಷ ಕೂಡಿಕೊಳ್ಳುತ್ತದೆ. ಅದನ್ನು ತೆಗೆಯುವ ಕೆಲಸವನ್ನು ಯಾರೂ ವಿದ್ಯೆಯೆಂದು ಎಣಿಸಿದಂತಿಲ್ಲ. ಬಲದಿಂದ ಉಜ್ಜಿದರೆ ಹೋದೀತೆಂಬುದೇ ಸಾಮಾನ್ಯವಾದ ಭಾವನೆ. ಆದರೆ ಹಕ್ಕಳೆಯೆಂಬುದು ಏಕದ್ರವ್ಯವಲ್ಲ; ಸ್ವಭಾವದಲ್ಲಿ ಒಂದಕ್ಕೊಂದು ವಿರುದ್ಧವಾದ ಹಲವು ದ್ರವ್ಯಗಳು ಪದರಪದರವಾಗಿ ಹೆಣೆದುಕೊಂಡ ಒಂದು ರಚನೆ ಅದು. ಒಂದು ಪದರವನ್ನು ಕರಗಿಸತಕ್ಕ ವಸ್ತುವೇ ಇನ್ನೊಂದನ್ನು ಗಟ್ಟಿಗೊಳಿಸುವುದುಂಟು. ಆದುದರಿಂದ ತೊಳೆಯುವ ಕೈಗೆ ಬಲಕ್ಕಿಂತ ಮೊದಲು ಕ್ರಮದ ಜ್ಞಾನ ಬೇಕಾಗುತ್ತದೆ.

ವಿಜ್ಞಾನದ ಇತಿಹಾಸದಲ್ಲಿ ಈ ಗಸಿಗೆ ಒಂದು ಗೌರವದ ಸ್ಥಾನವಿದೆ. ಲೇವನ್‌ಹುಕ್ ತನ್ನ ಮಸೂರದ ಕೆಳಗೆ ಬಿಯರಿನ ಹನಿಯನ್ನಿಟ್ಟು ಯೀಸ್ಟಿನ ಗುಂಡಾದ ಕಣಗಳನ್ನು ಕಂಡದ್ದು 1680ರಲ್ಲಿ. ಅವು ಜೀವಕಣಗಳೆಂದು ಫ್ರಾನ್ಸ್, ಜರ್ಮನಿಗಳ ಪಂಡಿತರು ಪ್ರತಿಪಾದಿಸಿದ್ದು 1837ರ ಸುಮಾರಿಗೆ. ಆದರೂ ಹಾಲು ಹುಳಿಯಾಗುವುದಕ್ಕೆ ಜೀವಿಯೇ ಕಾರಣವೆಂಬುದು ಸ್ಪಷ್ಟವಾಗಿರಲಿಲ್ಲ. 1857ರಲ್ಲಿ ಲೂಯಿ ಪಾಶ್ಚರನು ಲ್ಯಾಕ್ಟಿಕ್ ಹುದುಗುವಿಕೆಯನ್ನು ಕುರಿತು ಬರೆದಾಗ ಅವನ ಗಮನ ಹರಿದದ್ದು ಪಾತ್ರೆಯ ತಳದಲ್ಲಿ ಕೂಡಿದ ಸೀಮೆಸುಣ್ಣದ ಮೇಲೆ ಅಲ್ಲಲ್ಲಿ ಕಾಣಿಸಿದ ಬೂದುಬಣ್ಣದ ಮಚ್ಚೆಗಳ ಕಡೆಗೆ. ಅದುವರೆಗೆ ಎಲ್ಲರೂ ಕಸವೆಂದು ಚೆಲ್ಲಿದ್ದ ಆ ಮಚ್ಚೆಯ ಒಂದಿಷ್ಟನ್ನು ಹೊಸ ಸಕ್ಕರೆನೀರಿಗೆ ಹಾಕಿದರೆ ಅದೂ ಹುಳಿಯಾಗುತ್ತದೆಂದು ಅವನು ತೋರಿಸಿದ. ಪಾತ್ರೆಯಲ್ಲಿ ಉಳಿದ ಶೇಷವೇ ಮುಂದಿನ ಹುದುಗುವಿಕೆಯ ಬೀಜವೆಂಬ ಸಂಗತಿ, ಹೆಪ್ಪು ಹಾಕುವ ನಮ್ಮ ತಾಯಂದಿರಿಗೆ ನಿತ್ಯದ ಅನುಭವವಾಗಿದ್ದುದು, ಅಂದು ಶಾಸ್ತ್ರಕ್ಕೂ ಸಿದ್ಧವಾಯಿತು.

ಈಗ ಪದರಗಳನ್ನು ಬಿಡಿಸಿ ನೋಡೋಣ. ಕಂಠದ ಕೆಳಗಿನ ಬಿಳಿಯ ವಲಯ ಬಹುಮಟ್ಟಿಗೆ ಪಿಷ್ಟ. ಬೆಂದ ಜೋಳದ ಪಿಷ್ಟವು ನೀರನ್ನು ಹೀರಿ ಉಬ್ಬಿ ಗಂಜಿಯಾಗಿರುತ್ತದೆ. ಆರಿ ಒಣಗುತ್ತಿದ್ದಂತೆ ಅದರ ಉದ್ದವಾದ ಅಣುಸರಪಣಿಗಳು ಮತ್ತೆ ಒಂದರ ಪಕ್ಕದಲ್ಲೊಂದು ಬಿಗಿಯಾಗಿ ಕೂತು, ತಣ್ಣೀರಿಗೆ ಕೂಡಲೇ ಕರಗದ ಹಾಳೆಯಾಗುತ್ತವೆ. ಅದನ್ನು ನೆನೆಯಹಾಕಬೇಕಲ್ಲದೆ ಕೆರೆಯುವುದು ವ್ಯರ್ಥಶ್ರಮ. ಅದರ ಕೆಳಗಿನ ಲೋಳೆಯಲ್ಲಿ ಹಾಲಿನ ಸಸಾರಜನಕ, ಜೋಳದ ಸಸಾರಜನಕ, ಬೆಣ್ಣೆಯ ಜಿಡ್ಡು, ಇವೆಲ್ಲದರ ಮಧ್ಯೆ ಅಸಂಖ್ಯಾತ ಬ್ಯಾಕ್ಟೀರಿಯಾಗಳೂ ಯೀಸ್ಟುಗಳೂ ಇವೆ. ಈ ಜೀವಿಗಳಲ್ಲಿ ಕೆಲವು ಸಕ್ಕರೆಯನ್ನು ಹೆಣೆದು ಅಂಟಾದ ಹೊದಿಕೆಯೊಂದನ್ನು ಸ್ರವಿಸಿ ಅದರೊಳಗೆ ತಾವು ಸುರಕ್ಷಿತವಾಗಿ ನೆಲೆಸುತ್ತವೆ. ಬಿಡಿಯಾಗಿ ನೀರಿನಲ್ಲಿ ತೇಲುವಾಗ ಯಾವ ಔಷಧಿಗೆ ಕ್ಷಣದಲ್ಲಿ ಸಾಯುತ್ತಿದ್ದವೋ ಅದೇ ಔಷಧಿಯನ್ನು ಆ ಹೊದಿಕೆಯೊಳಗೆ ಅನಾಯಾಸವಾಗಿ ತಾಳಿಕೊಳ್ಳುತ್ತವೆ. ಎಲ್ಲಕ್ಕಿಂತ ಕೆಳಗಿನದು ಕಲ್ಲು. ಉತ್ಪ್ರೇಕ್ಷೆಗಾಗಿ ಹಾಗೆ ಹೇಳುತ್ತಿಲ್ಲ: ಅದು ಸುಣ್ಣದ ಲವಣಗಳಿಂದಾದ ನಿಜವಾದ ಖನಿಜ.

ಈ ಕಲ್ಲು ಬಂದದ್ದೆಲ್ಲಿಂದ? ಅರ್ಧ ಹಾಲಿನಿಂದ, ಅರ್ಧ ಬಾವಿಯಿಂದ. ಬಾಲಾಘಾಟದ ಈ ಪ್ರಸ್ಥಭೂಮಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಮೇಲೆ ನಿಂತಿದೆ. ಮಳೆಯ ನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇಂಗಾಲದ ಡೈಆಕ್ಸೈಡನ್ನು ಕೂಡಿಸಿಕೊಂಡು ಸೌಮ್ಯವಾದ ಆಮ್ಲವಾಗಿ ಈ ಕರಿಗಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬೊನೇಟಿನ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಸಾಬೂನು ನೊರೆ ಬಾರದ, ಬೇಳೆ ಬೇಯದ ಗಡಸು ನೀರೆಂದು ಹೆಂಗಸರು ದೂರುವುದು ಇದನ್ನೇ. ಕುಡಿಯುವ ನೀರಿಗೆ ಭಾರತೀಯ ಮಾನಕವು ಹೇಳುವ ಇಷ್ಟಮಿತಿ ಲೀಟರಿಗೆ 200 ಮಿಲಿಗ್ರಾಂ ಕಾಠಿಣ್ಯ. ಬೇರೆ ನೀರಿಲ್ಲದೆಡೆ 600ರವರೆಗೂ ಸಹ್ಯವೆನ್ನುತ್ತದೆ. ಲೀಟರಿಗೆ 300 ಮಿಲಿಗ್ರಾಮಿನ ನೀರಿನಿಂದ ತೊಳೆದ ಪಾತ್ರೆಯಲ್ಲಿ 10 ಮಿಲಿಲೀಟರು ಉಳಿದು ಅಲ್ಲಿಯೇ ಆರಿತೆನ್ನಿ: ಒಳಮೈಯಲ್ಲಿ 3 ಮಿಲಿಗ್ರಾಂ ಶೇಷ ನಿಲ್ಲುತ್ತದೆ. ದಿನಕ್ಕೊಮ್ಮೆ ಹೀಗಾದರೆ ವರ್ಷಕ್ಕೆ ಒಂದು ಗ್ರಾಮಿಗೂ ಮಿಕ್ಕ ಸುಣ್ಣ. ತೊಳೆಯುವ ನೀರೇ ಕೊಳೆಯನ್ನು ತರುತ್ತದೆಂಬುದು ವಿಪರೀತವಾಗಿ ಕೇಳಿಸಿದರೂ ಈ ಸೀಮೆಯಲ್ಲಿ ಅಕ್ಷರಶಃ ಸತ್ಯ.

ಇನ್ನು ಹಾಲು. ಒಂದು ಲೀಟರು ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. ಅದರ ಬಹುಭಾಗ ಫಾಸ್ಫೇಟಿನೊಡನೆ ಕೂಡಿ ಹಾಲಿನ ಸಸಾರಜನಕದ ಸೂಕ್ಷ್ಮಕಣಗಳ ಒಳಗೆ ಅಡಗಿರುತ್ತದೆ. ಹಾಲು ಹುಳಿಯಾದಂತೆ ಒಂದು ಸ್ವಾರಸ್ಯದ ಪರಿವರ್ತನೆ ನಡೆಯುತ್ತದೆ. ಪಿಎಚ್ 6.6ರಷ್ಟಿದ್ದ ಹಾಲು 4.5ಕ್ಕೆ ಇಳಿದು ಮೊಸರಾಗುವ ಹೊತ್ತಿಗೆ ಆ ಫಾಸ್ಫೇಟೆಲ್ಲ ಕರಗಿ ಮೊಸರಿನ ತಿಳಿನೀರಿಗೆ ಬಂದುಬಿಟ್ಟಿರುತ್ತದೆ. ಎಂದರೆ ಹುಳಿಯಿರುವವರೆಗೆ ಗಡಿಗೆಯಲ್ಲಿ ಫಾಸ್ಫೇಟಿನ ಕಲ್ಲು ಕಟ್ಟುವುದಿಲ್ಲ. ಹುಳಿಯನ್ನು ಕಳೆದ ಕ್ಷಣದಲ್ಲಿ ಕಟ್ಟತೊಡಗುತ್ತದೆ. ಹುಳಿಮಜ್ಜಿಗೆ ಬಳಿದುಕೊಂಡಿರುವ ಗಡಿಗೆಗೆ ನೇರವಾಗಿ ಬೂದಿ ಹಾಕಿ ಉಜ್ಜುವವರು ಏನು ಮಾಡುತ್ತಾರೆಂದರೆ, ಬೂದಿಯ ಕ್ಷಾರದಿಂದ ಹುಳಿಯನ್ನು ಮುರಿದು, ಕರಗಿದ್ದ ಸುಣ್ಣವನ್ನು ಗೋಡೆಯ ಮೇಲೆಯೇ ಅವಕ್ಷೇಪಿಸುತ್ತಾರೆ. ಉಜ್ಜಿದಷ್ಟೂ ಕಲ್ಲು!

ನಿಲಂಗಾ ತಾಲೂಕಿನ ಒಂದು ಮನೆಯ ಹಿತ್ತಿಲಿನಲ್ಲಿ ಅತ್ತೆಸೊಸೆಯರು ಮೊಸರಿನ ಗಡಿಗೆ ತೊಳೆಯುವಾಗ ಆಡಿದ ಮಾತು ಈ ಪ್ರಸಂಗದಲ್ಲಿ ನೆನಪಾಗುತ್ತದೆ. ಸೊಸೆ ಬೂದಿಯ ಬುಟ್ಟಿಗೆ ಕೈಹಾಕಿದ್ದಳು.

“ಬೂದಿ ಈಗ ಬ್ಯಾಡವ್ವಾ. ಮೊದಲ ತಣ್ಣೀರ ಹಾಕಿ ಹುಳಿ ಹೋಗೂ ಹಂಗ ತೊಳಿ.”

“ಒಲಿ ಮ್ಯಾಗ ಬಿಸಿನೀರ ಅದ ಅತ್ತಿ, ಹಾಕ್ಲೇನ್ರಿ?”

“ಬಿಸಿನೀರ ಹಾಕಿದ್ರ ಹತ್ತಿ ಕೂಡ್ತದ. ತಣ್ಣೀರೇ ಹಾಕು.”

ಈ ಎರಡು ಆದೇಶಗಳಲ್ಲಿ ಕ್ಷೀರರಸಾಯನದ ಎರಡು ಮುಖ್ಯ ತತ್ತ್ವಗಳಿವೆ. ಮೊದಲನೆಯದನ್ನು ಈಗತಾನೆ ನೋಡಿದೆವು: ಕ್ಷಾರ ಬರುವುದಕ್ಕೆ ಮೊದಲು ಕರಗಿರುವ ಸುಣ್ಣವನ್ನು ತಣ್ಣೀರಿನೊಡನೆ ಹೊರಗೆ ಕಳಿಸಬೇಕು. ಎರಡನೆಯದು ಸಸಾರಜನಕವನ್ನು ಕುರಿತದ್ದು. ಹಾಲಿನ ತಿಳಿಯಲ್ಲಿರುವ ಸಸಾರಜನಕಗಳು ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ಮೇಲೆ ತಮ್ಮ ಮಡಿಕೆಗಳನ್ನು ಬಿಚ್ಚಿಕೊಂಡು ಒಂದಕ್ಕೊಂದು, ಜೊತೆಗೆ ಪಾತ್ರೆಯ ಗೋಡೆಗೂ, ಬೆಸೆದುಕೊಳ್ಳುತ್ತವೆ. ಅದೂ ಅಲ್ಲದೆ ಕ್ಯಾಲ್ಸಿಯಮಿನ ಫಾಸ್ಫೇಟು, ಕಾರ್ಬೊನೇಟುಗಳು ಸಕ್ಕರೆ ಉಪ್ಪುಗಳಂತಲ್ಲ. ನೀರು ಬಿಸಿಯಾದಷ್ಟೂ ಕಡಮೆ ಕರಗುತ್ತವೆ. ಬಿಸಿನೀರಿಗೆ ಸ್ಥಾನವಿಲ್ಲವೆಂದಲ್ಲ, ಅದರ ಸ್ಥಾನ ಎರಡನೆಯದು.

ತಣ್ಣೀರಿನ ಸರದಿ ಮುಗಿದ ಮೇಲೆ ಬೂದಿಯ ಸರದಿ. ಒಲೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟು ಇರುವುದರಿಂದ ಅದನ್ನು ಕದಡಿದ ನೀರು ಬಲವಾದ ಕ್ಷಾರವಾಗಿ, ಜಿಡ್ಡನ್ನು ಒಡೆದು ಸಾಬೂನಾಗಿಸುತ್ತದೆ. ಸಸಾರಜನಕದ ಎಳೆಗಳನ್ನು ಉಬ್ಬಿಸಿ ತುಂಡರಿಸುತ್ತದೆ. ಒಣಗಿದ ಪಿಷ್ಟವನ್ನೂ ಮೆತ್ತಗಾಗಿಸುತ್ತದೆ. ಯಾವ ಬೂದಿ ಎಂಬುದಕ್ಕೂ ಅರ್ಥವಿದೆ. ಜೋಳದ ಕಣಿಕೆ ಹುಲ್ಲಿನ ಜಾತಿಯದಾದ್ದರಿಂದ ಅದರ ಬೂದಿಯಲ್ಲಿ ಸಿಲಿಕಾ ಹೆಚ್ಚು, ಅದು ಉಜ್ಜುವುದಕ್ಕೆ ತಕ್ಕದ್ದು. ಕಟ್ಟಿಗೆಯ ಬೂದಿಯಲ್ಲಿ ಕ್ಷಾರ ಹೆಚ್ಚು, ನೆನೆಯಿಡುವುದಕ್ಕೆ ತಕ್ಕದ್ದು. ಪೇಟೆಯ ಬಟ್ಟೆಸೋಡಾ ಮಾಡುವುದೂ ಇದೇ ಕೆಲಸವನ್ನು. ಬೂದಿನೀರನ್ನು ಗಡಿಗೆಯ ಕಂಠದವರೆಗೆ ತುಂಬಿ ರಾತ್ರಿಯೆಲ್ಲ ಬಿಟ್ಟರೆ ಬೆಳಗಿನ ಹೊತ್ತಿಗೆ ಜೈವಿಕ ಪದರಗಳು ತಾವಾಗಿಯೇ ಕಳಚಿ ಚಿಂದಿಚಿಂದಿಯಾಗಿ ತೇಲುವುದನ್ನು ಕಾಣಬಹುದು.

ಉಳಿಯುವುದು ಕಲ್ಲು, ಅದಕ್ಕೆ ಬೂದಿಯ ಅಂಜಿಕೆಯಿಲ್ಲ, ಆಮ್ಲವೇ ಬೇಕು. ಸಾಮಾನ್ಯವಾಗಿ ಎಲ್ಲರ ಕೈ ಹೋಗುವುದು ಹುಣಿಸೆಹಣ್ಣಿನ ಕಡೆಗೆ. ಹುಣಿಸೆಯ ತಿರುಳಿನಲ್ಲಿ ನೂರಕ್ಕೆ 8ರಿಂದ 18ರವರೆಗೆ ಟಾರ್ಟಾರಿಕ್ ಆಮ್ಲವಿದೆ, ನಿಜ. ತಾಮ್ರಹಿತ್ತಾಳೆಗಳ ಕಿಲುಬನ್ನು ತೆಗೆಯುವುದರಲ್ಲಿ ಅದಕ್ಕೆ ಸರಿಸಮಾನವಾದ ಮನೆವಸ್ತು ಇಲ್ಲ. ಆದರೆ ಸುಣ್ಣದ ಕಲ್ಲಿನ ಮೇಲೆ ಅದರ ಪ್ರತಾಪ ಅಷ್ಟಕ್ಕಷ್ಟೆ, ಏಕೆಂದರೆ ಅಲ್ಲಿ ಹುಟ್ಟುವ ಕ್ಯಾಲ್ಸಿಯಂ ಟಾರ್ಟರೇಟೂ ನೀರಿನಲ್ಲಿ ಸುಲಭವಾಗಿ ಕರಗತಕ್ಕದ್ದಲ್ಲ. ಕಲ್ಲನ್ನು ಕರಗಿಸಬೇಕಾದರೆ ಕ್ಯಾಲ್ಸಿಯಮಿನೊಡನೆ ಕೂಡಿದ ಮೇಲೂ ಕರಗಿಯೇ ಇರುವ ಲವಣವನ್ನು ಕೊಡುವ ಆಮ್ಲ ಬೇಕು. ವಿನೆಗರಿನ ಅಸಿಟಿಕ್ ಆಮ್ಲ ಅಂಥದು. ಹುಳಿಯಾದ ಗಂಜಿಯ ಲ್ಯಾಕ್ಟಿಕ್ ಆಮ್ಲವೂ ಅಂಥದೇ. ಆದುದರಿಂದ ಮಜ್ಜಿಗೆ ಬೆರಸದೆ ಎರಡು ಮೂರು ದಿನ ಹುಳಿಬರಿಸಿ ಸೋಸಿದ ಜೋಳದ ಗಂಜಿಯ ತಿಳಿಯನ್ನು ಕಲ್ಲುಗಟ್ಟಿದ ಗಡಿಗೆಯಲ್ಲಿ ಒಂದು ರಾತ್ರಿ ನಿಲ್ಲಿಸುವುದು ರಸಾಯನಶಾಸ್ತ್ರದ ದೃಷ್ಟಿಯಿಂದ ಹುಣಿಸೆಗಿಂತ ಲೇಸಾದ ಉಪಾಯ. ಆಮ್ಲ ಮುಟ್ಟಿದೊಡನೆ ಹಕ್ಕಳೆಯಿಂದ ಸಣ್ಣ ಗುಳ್ಳೆಗಳೆದ್ದರೆ ಅದು ಬಾವಿಯ ನೀರಿನ ಕಾರ್ಬೊನೇಟು. ಗುಳ್ಳೆಯಿಲ್ಲದೆ ಮೆಲ್ಲಗೆ ಸವೆದರೆ ಹಾಲಿನ ಫಾಸ್ಫೇಟು.

ಕ್ಷಾರ ಮೊದಲೋ ಆಮ್ಲ ಮೊದಲೋ ಎಂಬ ಪ್ರಶ್ನೆಗೆ ಈಗ ಉತ್ತರ ಸಿಕ್ಕಿದಂತಾಯಿತು. ಹಾಲಿನ ಪಾತ್ರೆಯಲ್ಲಿ ಸುಣ್ಣದ ಕಣಗಳನ್ನು ಸಸಾರಜನಕದ ಬಲೆ ಸುತ್ತಿಕೊಂಡಿರುತ್ತದೆ. ಬಲೆಯನ್ನು ಕ್ಷಾರದಿಂದ ಬಿಡಿಸದೆ ಆಮ್ಲ ಹಾಕಿದರೆ ಅದು ಕಲ್ಲನ್ನು ಮುಟ್ಟುವ ಮೊದಲೇ ಸಸಾರಜನಕವನ್ನು ಹೆಪ್ಪುಗಟ್ಟಿಸಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡ ಡೈರಿಗಳ ಕೊಳವೆಗಳಲ್ಲಿಯೂ ನಡೆಯುವ ಕ್ರಮ ಇದೇ: ನೀರು, ಕ್ಷಾರ, ನೀರು, ಆಮ್ಲ, ಮತ್ತೆ ನೀರು. ಹಾಲಿನ ಮಾತನ್ನು ಈ ಸೀಮೆಯಲ್ಲಿ ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ಕಪ್ಪುಬಿಳಿಯ ಮಚ್ಚೆಗಳ, ಅಗಲಗಿವಿಯ ದೇವಣಿ ತಳಿಯ ಹಸುಗಳ ತವರು ಉದಗೀರದ ನೆರೆಯ ದೇವಣಿ. ಉಳುಮೆಗೂ ಕರಾವಿಗೂ ಏಕಪ್ರಕಾರವಾಗಿ ಒದಗುವ ಈ ತಳಿ ಮರಾಠವಾಡದಲ್ಲಿಯೂ ಬೀದರ ಜಿಲ್ಲೆಯಲ್ಲಿಯೂ ಸಮಾನವಾಗಿ ಪ್ರಿಯವಾದದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯೊಳಗೇ ಇದ್ದವಷ್ಟೆ. ಹುಳಿಯ ವಿದ್ಯೆಯೂ ಇಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೇ ಒಂದು ಅಧ್ಯಾಯ ಮೀಸಲಾಗಿದ್ದು, ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವ ವಿಧಾನವೂ ಅಲ್ಲಿ ಬಂದಿದೆ.

ಮಣ್ಣಿನ ಗಡಿಗೆಯಲ್ಲಿ ಈ ಎಲ್ಲ ಉಪಚಾರಗಳ ಆಚೆಗೂ ಒಂದು ಸಮಸ್ಯೆ ಉಳಿಯುತ್ತದೆ. ಮೆರುಗಿಲ್ಲದ ಸುಟ್ಟ ಮಣ್ಣು ಸೂಕ್ಷ್ಮರಂಧ್ರಮಯ. ಬೇಸಗೆಯಲ್ಲಿ ನೀರನ್ನು ತಂಪಾಗಿಡುವ ಆ ರಂಧ್ರಗಳೇ ಬ್ಯಾಕ್ಟೀರಿಯಾಗಳಿಗೆ ಗುಹೆಗಳಾಗುತ್ತವೆ. ನಾರಿನ ಎಳೆಯಾಗಲಿ ಬೂದಿಯ ಕಣವಾಗಲಿ ಅಲ್ಲಿಗೆ ತಲಪಲಾರದು. ಹಾಗಾದ್ದರಿಂದಲೇ ಹಳೆಯ ಗಡಿಗೆಯಲ್ಲಿ ಅಂಬಲಿ ಬೇಗ ಹುಳಿಯಾಗುತ್ತದೆ, ಮೊಸರು ಹೆಪ್ಪಿಲ್ಲದೆಯೂ ಒಮ್ಮೊಮ್ಮೆ ಹೆತ್ತುಕೊಳ್ಳುತ್ತದೆ. ಇದು ಒಳ್ಳೆಯ ಜೀವಿಗಳ ವಸತಿಯಾಗಿರುವವರೆಗೆ ವರವೇ ಸರಿ. ದುರ್ವಾಸನೆಯ ಜೀವಿಗಳು ಹೊಕ್ಕವೆಂದರೆ ಮಾತ್ರ ತಾಪವೊಂದೇ ಅವುಗಳನ್ನು ತಲಪಬಲ್ಲ ಆಯುಧ. ಚೆನ್ನಾಗಿ ಒಣಗಿಸಿದ ಗಡಿಗೆಯನ್ನು ಕೆಂಡದ ಮೇಲೆ ಬೋರಲು ಹಾಕಿ, ಮೆಲ್ಲಮೆಲ್ಲನೆ ಕಾಯಿಸಿ, ತಾನಾಗಿ ಆರಗೊಡಬೇಕು. ಒದ್ದೆಯ ಗಡಿಗೆಯನ್ನು ಹೀಗೆ ಕಾಯಿಸಿದರೆ ರಂಧ್ರದ ನೀರು ಆವಿಯಾಗಿ ಉಬ್ಬಿ ಗಡಿಗೆ ಬಿರಿಯುತ್ತದೆ.

ಸಿಂದಿಯ ಮಡಕೆ ಇದೇ ತತ್ತ್ವವನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. ಈಚಲುಮರದಿಂದ ಇಳಿಯುವ ರಸ ಸಿಹಿಯಾದದ್ದು, ಅದು ನೀರಾ. ಮಡಕೆಯ ಗೋಡೆಯಲ್ಲಿ ಹಿಂದಿನ ದಿನದ ಯೀಸ್ಟು ಉಳಿದಿದ್ದರೆ ಅದು ಕೆಲವೇ ತಾಸುಗಳಲ್ಲಿ ನೊರೆಯೆದ್ದು ಸಿಂದಿಯಾಗುತ್ತದೆ. ಸಿಹಿಯಾಗಿಯೇ ಉಳಿಯಬೇಕೆಂದರೆ ಇಳಿಸುವವರು ಮಡಕೆಯನ್ನು ತೊಳೆದು ಒಳಗೆ ಸುಣ್ಣ ಬಳಿಯುತ್ತಾರೆ. ಸುಣ್ಣದ ತೀಕ್ಷ್ಣವಾದ ಕ್ಷಾರದಲ್ಲಿ ಯೀಸ್ಟು ಬದುಕು ಸಾಗಿಸಲಾರದು. ಆದರೆ ಆ ಸುಣ್ಣವೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟಾಗಿ ಗೋಡೆಗೆ ಹತ್ತುತ್ತದೆ, ಅದರ ಬಿರುಕುಗಳಲ್ಲಿ ಕಾಲಕ್ರಮೇಣ ಅದೇ ಯೀಸ್ಟು ಮತ್ತೆ ಆಶ್ರಯ ಪಡೆಯುತ್ತದೆ. ಹಳೆಯ ಸುಣ್ಣವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಬಳಿಯುವುದು ಆದುದರಿಂದ ಅರ್ಧ ಉಪಾಯ ಮಾತ್ರ.

ಪಾಶ್ಚಾತ್ಯ ದೇಶಗಳಲ್ಲಿ ಇದೇ ತೊಡಕು ಬಿಯರಿನ ಕೈಗಾರಿಕೆಯನ್ನು ಬಾಧಿಸಿದಾಗ ಅದು ದೊಡ್ಡ ಶಾಸ್ತ್ರಕ್ಕೇ ದಾರಿಯಾಯಿತು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಎಂಬಾತನು, ಬಿಯರು ಕೆಡುವುದಕ್ಕೆ ಕಾಡುಯೀಸ್ಟಿನ ಬೆರಕೆಯೂ ಕಾರಣವೆಂದು ಕಂಡುಕೊಂಡು, 1883ರಲ್ಲಿ ಒಂದೇ ಜೀವಕಣದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದನು. ಆದರೆ ಬೀಜ ಎಷ್ಟು ಶುದ್ಧವಾಗಿದ್ದರೇನು, ಪಾತ್ರೆಯ ಗೋಡೆಯಲ್ಲಿ ಹಳೆಯ ಹಕ್ಕಳೆಯಿದ್ದರೆ? ಬಿಯರಿನ ಪಾತ್ರೆಯಲ್ಲಿ ಕಟ್ಟುವ ಕಲ್ಲು ನಮ್ಮ ಮೊಸರಿನ ಗಡಿಗೆಯದಕ್ಕಿಂತ ಹಟಮಾರಿಯಾದದ್ದು. ಬಾರ್ಲಿಯ ಮೊಳಕೆಧಾನ್ಯದಲ್ಲಿರುವ ಆಕ್ಸಲೇಟು ನೀರಿನ ಕ್ಯಾಲ್ಸಿಯಮಿನೊಡನೆ ಕೂಡಿ ಕ್ಯಾಲ್ಸಿಯಂ ಆಕ್ಸಲೇಟಾಗುತ್ತದೆ. ಫಾಸ್ಫೇಟು ಹುಳಿಯಲ್ಲಿ ಕರಗುವುದೆಂದು ನೋಡಿದೆವಲ್ಲ, ಆಕ್ಸಲೇಟು ಬಿಯರಿನ ಹುಳಿಗೆ ಮಣಿಯುವುದಿಲ್ಲ. ವಿನೆಗರಿಗೂ ಅದು ಜಗ್ಗದು. ಅದಕ್ಕಾಗಿ ಬಿಯರಿನ ಕಾರ್ಖಾನೆಗಳಲ್ಲಿ ನೈಟ್ರಿಕ್, ಫಾಸ್ಫಾರಿಕ್ ಮುಂತಾದ ಖನಿಜಾಮ್ಲಗಳನ್ನು ಹದವರಿತು ಬಳಸುತ್ತಾರೆ. ಅವು ಮನೆಯಲ್ಲಿ ಇಡತಕ್ಕ ವಸ್ತುಗಳಲ್ಲ. ಮನೆಯಲ್ಲಿ ಬಿಯರು ಮಾಡುವುದಕ್ಕೆ ಕಾನೂನು ಅನುಮತಿಸುವ ದೇಶಗಳಲ್ಲಿ ನೆಲೆಸಿದವರಿಗೆ ಒದಗುವುದು ಸೋಡಿಯಂ ಪರ್ಕಾರ್ಬೊನೇಟ್ ಎಂಬ ಪುಡಿ: ಬಿಸಿನೀರಿನಲ್ಲಿ ಅದು ಬಟ್ಟೆಸೋಡಾ ಮತ್ತು ಹೈಡ್ರೊಜನ್ ಪೆರಾಕ್ಸೈಡುಗಳಾಗಿ ಒಡೆದು, ಮೊದಲನೆಯದು ಜಿಡ್ಡನ್ನು ಬಿಡಿಸುವಾಗ ಎರಡನೆಯದು ಆಮ್ಲಜನಕವನ್ನು ಬಿಟ್ಟು ಕಂದುವಲಯವನ್ನು ಸುಲಿಯುತ್ತದೆ. ಕಿರುಬಾಯಿಯ ಬುದ್ದಲಿಯಲ್ಲಿ ಇದರೊಡನೆ ಒಂದು ಹಿಡಿ ಅಕ್ಕಿಕಾಳು ಹಾಕಿ ಕುಲುಕಿದರೆ ಕೈ ಹೋಗದ ಮೂಲೆಗೂ ಉಜ್ಜು ದೊರಕುತ್ತದೆ. ಮಹಾರಾಷ್ಟ್ರದಲ್ಲಿಯಾದರೋ 1949ರ ಮದ್ಯನಿಷೇಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ತೊಳೆಯುವ ಕೆಲಸವನ್ನು ಸೂತ್ರರೂಪಕ್ಕೆ ತಂದವನು ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ರಸಾಯನಜ್ಞ. 1959ರಲ್ಲಿ ಅವನು ಹೇಳಿದ್ದು ಇಷ್ಟು: ಕಾಲ, ತಾಪ, ರಸಾಯನ, ಉಜ್ಜು, ಈ ನಾಲ್ಕು ಕೂಡಿದಾಗ ಕೊಳೆ ಹೋಗುತ್ತದೆ, ಒಂದನ್ನು ಕಡಮೆ ಮಾಡಿದರೆ ಉಳಿದವುಗಳನ್ನು ಹೆಚ್ಚಿಸಬೇಕು. ನೀರನ್ನು ಈ ನಾಲ್ಕರೊಳಗೆ ಅವನು ಸೇರಿಸಲಿಲ್ಲ, ಅದು ಎಲ್ಲಕ್ಕೂ ಆಧಾರವಾಗಿ ಹೇಗೂ ಇರುವುದೆಂದು ಭಾವಿಸಿದಂತೆ ತೋರುತ್ತದೆ. ನಮ್ಮ ಸೀಮೆಯಲ್ಲಿ ಹಾಗೆ ಭಾವಿಸುವಂತಿಲ್ಲ. 2016ರ ಏಪ್ರಿಲ್ 12ರಂದು ಮೀರಜದಿಂದ 10 ಟ್ಯಾಂಕುಗಳಲ್ಲಿ ಸುಮಾರು 5 ಲಕ್ಷ ಲೀಟರು ನೀರನ್ನು ಹೊತ್ತ ರೈಲು ಲಾತೂರಿಗೆ ಬಂದುದನ್ನು ಕಂಡ ಜನ ಮುಸುರೆ ತೊಳೆದ ನೀರನ್ನೂ ಚೆಲ್ಲದೆ ಗಿಡಕ್ಕೆ ಹಾಕಿದವರು. ಇಲ್ಲಿ ಲೆಕ್ಕವೊಂದು ಉಪಕಾರಕ್ಕೆ ಬರುತ್ತದೆ. ದೊಡ್ಡ ಗಡಿಗೆಯೊಂದರ ಗೋಡೆಗೆ 100 ಮಿಲಿಲೀಟರಿನಷ್ಟು ಅಂಬಲಿ ಹತ್ತಿಕೊಂಡಿದೆ, ತೊಳೆಯಲು 3 ಲೀಟರು ನೀರಿದೆ ಎನ್ನಿ. ಮೂರನ್ನೂ ಒಮ್ಮೆಗೇ ಸುರಿದು ಕದಡಿ ಚೆಲ್ಲಿದರೆ ಶೇಷವು 31ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದೊಂದು ಲೀಟರಿನಂತೆ ಮೂರು ಸಲ ಸುರಿದು ಪ್ರತಿಸಲವೂ ಪೂರ್ತಿ ಬಸಿದರೆ, ಒಂದೊಂದು ಸಲಕ್ಕೂ 11ರಲ್ಲಿ ಒಂದು ಪಾಲಾಗುತ್ತ ಹೋಗಿ, ಕಡೆಗೆ 1331ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅಷ್ಟೇ ನೀರು, ನಲವತ್ತು ಪಟ್ಟಿಗೂ ಮಿಕ್ಕ ಶುದ್ಧಿ! ತಂಬಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ನೀರು ಹೊಯ್ದು, ಗಡಿಗೆಯನ್ನು ತಿರುಗಿಸಿ ತಿರುಗಿಸಿ ಬಸಿಯುವ ಹೆಂಗಸರನ್ನು ಜಿಪುಣರೆಂದು ಯಾರಾದರೂ ಭಾವಿಸಿದ್ದರೆ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಪಾತ್ರೆಯ ಧಾತುವನ್ನು ಮರೆಯುವಂತಿಲ್ಲ. ಜರ್ಮನ್ ಪಾತ್ರೆಯೆಂದು ಇಲ್ಲಿ ಕರೆಯುವ ಅಲ್ಯುಮಿನಿಯಮಿಗೆ ಬೂದಿಯೂ ಸೋಡಾವೂ ಶತ್ರುಗಳು. ಕ್ಷಾರ ಅದನ್ನು ತಿಂದು ಕಪ್ಪಾಗಿಸುತ್ತದೆ, ಹುಳಿಯೂ ಅದಕ್ಕೆ ಹಿತವಲ್ಲ. ಕಲಾಯಿ ಸವೆದ ಹಿತ್ತಾಳೆಯಲ್ಲಿ ಮೊಸರಿಡಬಾರದೆಂಬುದನ್ನು ಎಲ್ಲರೂ ಬಲ್ಲರು. ಕಲಾಯಿಯ ತವರವನ್ನು ಮರಳಿನಿಂದ ಉಜ್ಜಬಾರದೆಂಬುದನ್ನು ಬಲ್ಲವರು ಕಡಮೆ. ಪ್ಲಾಸ್ಟಿಕ್ಕಿನ ಡಬ್ಬಿಗೆ ತಂತಿಯ ಉಜ್ಜು ಸಲ್ಲದು, ಅದರ ಒಂದೊಂದು ಗೀರೂ ಜೀವಿಗಳಿಗೆ ಹೊಸ ಮನೆ. ಇನ್ನು ಒಂದು ಎಚ್ಚರಿಕೆಯನ್ನು ಸ್ವಲ್ಪ ಕಟುವಾಗಿಯೇ ಹೇಳುವುದು ನನ್ನ ಕರ್ತವ್ಯ: ಬ್ಲೀಚಿಂಗ್ ಪುಡಿ ಹಾಕಿದ ನೀರಿಗೆ ಹುಣಿಸೆ, ನಿಂಬೆ, ವಿನೆಗರು ಯಾವುದನ್ನೂ ಯಾವ ಕಾರಣಕ್ಕೂ ಬೆರಸಕೂಡದು. ಆಮ್ಲ ಸೋಕಿದೊಡನೆ ಅದರಿಂದ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೂ ಅಪಾಯ.

ತೊಳೆದದ್ದು ಸಾಕಾಯಿತೆಂದು ತಿಳಿಯುವುದು ಹೇಗೆ? ಗಾಜು, ಸ್ಟೀಲು, ಮೆರುಗಿನ ಭರಣಿಗಳಿಗೆ ಸುಲಭವಾದ ಪರೀಕ್ಷೆಯಿದೆ. ತುಂಬ ನೀರು ಹೊಯ್ದು ಬಗ್ಗಿಸಿದಾಗ ಗೋಡೆಯ ಮೇಲೆ ನೀರು ಒಂದೇ ತೆಳುಪೊರೆಯಾಗಿ ಜಾರಿದರೆ ಜಿಡ್ಡಿಲ್ಲ. ಎಲ್ಲಿ ಪೊರೆ ಹರಿದು ಹನಿಹನಿಯಾಗಿ ನಿಲ್ಲುತ್ತದೆಯೋ ಅಲ್ಲಿ ಇನ್ನೂ ಕೊಳೆಯಿದೆ. ನೀರನ್ನು ಹೀರಿಕೊಳ್ಳುವ ಮಣ್ಣಿನ ಗಡಿಗೆಗೆ ಈ ಪರೀಕ್ಷೆ ನಡೆಯದು. ಅದನ್ನು ಬೋರಲು ಹಾಕಿ, ಕೆಳಗೆ ಎರಡು ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಮಾಡಿ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಕುದಿಸಿ ಆರಿಸಿದ ನೀರನ್ನು ತುಂಬಿ ಮುಚ್ಚಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ಮೂಸಿ ನೋಡಬೇಕು. ಮಣ್ಣಿನ ವಾಸನೆ ಬಂದರೆ ಗಡಿಗೆ ಅಂಬಲಿಗೆ ಸಿದ್ಧ. ತೆಳುವಾದ ಹುಳಿವಾಸನೆ ಬಂದರೂ ಅಡ್ಡಿಯಿಲ್ಲ, ಹಳೆಯ ಹೆಪ್ಪಿನ ಜೀವಿಗಳು ಉಳಿದಿವೆಯೆಂದಷ್ಟೇ ಅದರ ಅರ್ಥ. ಕೊಳೆತ ಬೆಣ್ಣೆಯ ವಾಸನೆಯೋ ಬೂಷ್ಟಿನ ವಾಸನೆಯೋ ಬಂದರೆ ಕೆಂಡದ ಮೇಲೆ ಮತ್ತೊಮ್ಮೆ ಕಾಯಿಸಿ ನೋಡಬಹುದು. ಆಮೇಲೂ ಹೋಗದಿದ್ದರೆ ಆ ಗಡಿಗೆಯನ್ನು ಒಣಕಾಳು ತುಂಬುವುದಕ್ಕೆ ಇಟ್ಟುಕೊಂಡು, ಎಳ್ಳಮಾಸಿಯ ಅಂಬಲಿಗೆ ಕುಂಬಾರರಲ್ಲಿ ಹೊಸದನ್ನು ಕೊಳ್ಳುವುದೇ ಮೇಲು.